ಸಿದ್ಧ ಒಕ್ಕಣೆ: ಉಳಿತಾಯವೂ ಹೊಣೆಗಾರಿಕೆಯೂ

ಹಿಂದಿನ ತಲೆಮಾರಿನ ವರ್ತಕರು ಪತ್ರದ ಆರಂಭದಲ್ಲಿ ‘ಉ.ಕು.ಸಾಂ.’ ಎಂದು ಬರೆದರೆ ಸಾಕಾಗುತ್ತಿತ್ತು. ಓದುವವರು ಅದನ್ನು ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ತಾವೇ ವಿಸ್ತರಿಸಿಕೊಳ್ಳುತ್ತಿದ್ದರು. ಇಂದು ಆ ವಿಸ್ತರಣೆಯ ಕೆಲಸವನ್ನು ಗಣಕಯಂತ್ರವೇ ಮಾಡಬಲ್ಲದು. ಮೂರು ನಾಲ್ಕು ಅಕ್ಷರಗಳ ಸಂಕೇತವನ್ನು ಬೆರಳಚ್ಚು ಮಾಡಿದೊಡನೆ, ಮೊದಲೇ ಸಿದ್ಧಪಡಿಸಿಟ್ಟ ಇಡೀ ಒಕ್ಕಣೆ ಪರದೆಯ ಮೇಲೆ ಮೂಡುತ್ತದೆ. ಈ ಸೌಲಭ್ಯಕ್ಕೆ ‘ಟೆಕ್ಸ್ಟ್ ಎಕ್ಸ್‌ಪ್ಯಾನ್ಷನ್’ ಎಂದು ಹೆಸರು.

ಇದಕ್ಕಾಗಿ ಹಣ ವ್ಯಯಿಸಲೇಬೇಕೆಂದಿಲ್ಲ. ಆಟೋಹಾಟ್‌ಕೀ, ಎಸ್ಪಾನ್ಸೊ ಮುಂತಾದ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ವರ್ಡ್‌ನಲ್ಲಿರುವ ಆಟೋಕರೆಕ್ಟ್ ಸೌಲಭ್ಯವೂ ಇದೇ ಕೆಲಸವನ್ನು ಮಾಡುತ್ತದೆ. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಓರೆಗೆರೆಯನ್ನು ಒತ್ತಿದರೆ ಸಿದ್ಧ ಉತ್ತರಗಳ ಪಟ್ಟಿ ತೆರೆದುಕೊಳ್ಳುತ್ತದೆ.

ಉಳಿತಾಯದ ಲೆಕ್ಕ ಸರಳವಾದುದು. ಗುಮಾಸ್ತರೊಬ್ಬರು ದಿನಕ್ಕೆ 20 ಪತ್ರಗಳನ್ನು ಕಳುಹಿಸುವರೆಂದೂ, ಪ್ರತಿ ಪತ್ರದಲ್ಲಿ 2 ನಿಮಿಷ ಉಳಿಯುವುದೆಂದೂ ಭಾವಿಸಿದರೆ, 25 ಕೆಲಸದ ದಿನಗಳ ತಿಂಗಳಿಗೆ 1,000 ನಿಮಿಷಗಳು, ಅಂದರೆ ಸುಮಾರು ಎರಡು ದಿನಗಳ ದುಡಿಮೆ ಉಳಿಯುತ್ತದೆ. 15 ಅಕ್ಷರಾಂಕಗಳ ಜಿಎಸ್‌ಟಿ ಸಂಖ್ಯೆಯನ್ನಾಗಲಿ, 11 ಅಕ್ಷರಾಂಕಗಳ ಐಎಫ್‌ಎಸ್‌ಸಿಯನ್ನಾಗಲಿ ಪ್ರತಿಬಾರಿ ಕೈಯಿಂದ ಟೈಪ್ ಮಾಡುವಾಗ ಆಗುವ ತಪ್ಪುಗಳೂ ತಪ್ಪುತ್ತವೆ.

ಆದರೆ ಸಣ್ಣ ಕೈಗಾರಿಕೆಗಳಿಗೆ ಇದಕ್ಕಿಂತ ದೊಡ್ಡ ಪ್ರಯೋಜನವೊಂದಿದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ 15ನೆಯ ಕಲಮಿನಂತೆ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಸಲ್ಲಬೇಕಾದ ಹಣವನ್ನು ಲಿಖಿತ ಒಪ್ಪಂದದಲ್ಲಿ ಹೇಳಿದ ಅವಧಿಯಲ್ಲಿ ಪಾವತಿಸಬೇಕು. ಆ ಅವಧಿ 45 ದಿನಗಳನ್ನು ಮೀರುವಂತಿಲ್ಲ. ತಡವಾದರೆ 16ನೆಯ ಕಲಮಿನಂತೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ಮಾಸಿಕ ಚಕ್ರಬಡ್ಡಿಯಾಗಿ ತೆರಬೇಕು. ಈ ಹಕ್ಕನ್ನು ಬಲ್ಲ ಉದ್ಯಮಿಗಳೂ ದೊಡ್ಡ ಗ್ರಾಹಕರು ಮುನಿದಾರೆಂದು ಪತ್ರದಲ್ಲಿ ಅದನ್ನು ಕಾಣಿಸಲು ಹಿಂಜರಿಯುತ್ತಾರೆ. ಒಬ್ಬ ಗ್ರಾಹಕರಿಗೆ ಮಾತ್ರ ಬರೆದರೆ ಅದು ಬೆದರಿಕೆಯಂತೆ ತೋರಬಹುದು. ಎಲ್ಲರಿಗೂ ಪ್ರತಿ ಇನ್‌ವಾಯ್ಸ್‌ನೊಡನೆ ಉದ್ಯಮ್ ನೋಂದಣಿ ಸಂಖ್ಯೆಯೂ ಈ ಎರಡು ಸಾಲುಗಳೂ ಹೋದರೆ ಅದು ಸಂಸ್ಥೆಯ ಪದ್ಧತಿಯಾಗುತ್ತದೆ. ಬಾಕಿ ವಸೂಲಿಯ ಜ್ಞಾಪನಪತ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಬರೆಯುವ ಶ್ರಮ ತಗ್ಗಿದರೆ ಅದು ನೆನಪಾದಾಗಲ್ಲ, ಗಡುವು ಮುಗಿದ ಮರುದಿನವೇ ಹೊರಡುತ್ತದೆ.

ಇಷ್ಟಾದರೂ ಸಿದ್ಧ ಒಕ್ಕಣೆಯಲ್ಲಿ ಅಪಾಯವೂ ಅಡಗಿದೆ. ಕೈಯಿಂದ ಬರೆದ ತಪ್ಪು ಒಂದು ಪತ್ರಕ್ಕೆ ಸೀಮಿತ. ಸಂಗ್ರಹಿಸಿಟ್ಟ ತಪ್ಪು ನೂರು ಪತ್ರಗಳಲ್ಲಿ ಮರುಕಳಿಸುತ್ತದೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದರ ಹಳೆಯ ಐಎಫ್‌ಎಸ್‌ಸಿಗಳು 2021ರ ಜುಲೈ 1ರಿಂದ ನಿಷ್ಕ್ರಿಯವಾದವು. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿಯ ಶೇ. 12ರ ದರದಲ್ಲಿದ್ದ ಬಹುಪಾಲು ಸರಕುಗಳ ದರ ಬದಲಾಯಿತು. ಇಂತಹ ದಿನಗಳಲ್ಲಿ ಗಣಕಯಂತ್ರವು ತನ್ನಷ್ಟಕ್ಕೆ ಎಚ್ಚರಿಸುವುದಿಲ್ಲ. ಹಳೆಯ ಒಕ್ಕಣೆಯನ್ನೇ ಅಷ್ಟೇ ವೇಗವಾಗಿ ಒದಗಿಸುತ್ತದೆ.

ಇನ್ನೊಬ್ಬರ ಒಕ್ಕಣೆಯನ್ನು ಎರವಲು ಪಡೆಯುವುದೂ ತರವಲ್ಲ. 2021ರ ಜುಲೈನಲ್ಲಿ ಸಗಟು ಮತ್ತು ಚಿಲ್ಲರೆ ವರ್ತಕರಿಗೆ ಉದ್ಯಮ್ ನೋಂದಣಿಯ ಅವಕಾಶ ದೊರೆತಾಗ, ಅದರ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕೆ ಮಾತ್ರ ಸೀಮಿತಗೊಳಿಸಲಾಯಿತು. ಆದ್ದರಿಂದ ತಯಾರಕರ ಬಡ್ಡಿಯ ಸಾಲುಗಳನ್ನು ವರ್ತಕರು ನಕಲು ಮಾಡಿದರೆ ಇಲ್ಲದ ಹಕ್ಕನ್ನು ಕೇಳಿದಂತಾಗುತ್ತದೆ.

ಸಂಸ್ಥೆಯ ರಬ್ಬರ್ ಸ್ಟಾಂಪನ್ನು ಯಾರೂ ಮೇಜಿನ ಮೇಲೆ ಬಿಟ್ಟು ಹೋಗುವುದಿಲ್ಲ, ಅದಕ್ಕೊಬ್ಬ ಜವಾಬ್ದಾರರಿರುತ್ತಾರೆ. ಸಿದ್ಧ ಒಕ್ಕಣೆಗೂ ಅದೇ ಶಿಸ್ತು ಬೇಕು. ಅವುಗಳ ಪಟ್ಟಿ ಒಬ್ಬರ ವಶದಲ್ಲಿರಲಿ. ಪ್ರತಿಯೊಂದರ ಎದುರು ಪರಿಶೀಲಿಸಿದ ದಿನಾಂಕವಿರಲಿ. ಪ್ರತಿವರ್ಷ ಏಪ್ರಿಲ್ 1ರಂದೂ, ಕಾನೂನು ಅಥವಾ ಬ್ಯಾಂಕ್ ವಿವರ ಬದಲಾದಾಗಲೂ ಮರುಪರಿಶೀಲನೆ ನಡೆಯಲಿ. ಮೊತ್ತ, ತೆರಿಗೆ ದರ ಮತ್ತು ದಿನಾಂಕದ ಜಾಗವನ್ನು ಖಾಲಿ ಬಿಟ್ಟು, ಆಯಾ ಪತ್ರಕ್ಕೆ ತಕ್ಕಂತೆ ಕೈಯಿಂದಲೇ ತುಂಬಬೇಕು. ಪಾಸ್‌ವರ್ಡ್‌ಗಳನ್ನಂತೂ ಈ ಪಟ್ಟಿಗೆ ಸೇರಿಸಲೇಬಾರದು.

ಕಳುಹಿಸುವ ಮುನ್ನ ಒಮ್ಮೆ ಓದುವ ಅಭ್ಯಾಸವನ್ನು ಯಾವ ತಂತ್ರಾಂಶವೂ ಅನಗತ್ಯಗೊಳಿಸದು. ಬೆರಳಚ್ಚಿನಲ್ಲಿ ಉಳಿಸಿದ ಎರಡು ನಿಮಿಷಗಳಲ್ಲಿ ಅರ್ಧ ನಿಮಿಷವನ್ನು ಓದುವುದಕ್ಕೆ ಮೀಸಲಿಟ್ಟರೆ, ಉಳಿದ ಒಂದೂವರೆ ನಿಮಿಷವೇ ಸಂಸ್ಥೆಯ ನಿಜವಾದ ನಿವ್ವಳ ಲಾಭ.