ನಮ್ಮ ಶಾಲೆಯ ಗುಡ್ಡವೂ ಸ್ಮಗ್ಲರ್ಸ್ ನಾಚ್‌ನ ತಟ್ಟೆಯಾಟವೂ

ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಒಂದು ಮನವಿ ಪತ್ರವನ್ನು ಕಳುಹಿಸಿದ್ದರು. ಶಾಲೆಯ ಸುವರ್ಣ ಮಹೋತ್ಸವದ ನೆನಪಿಗಾಗಿ ಹಿಂದಿನ ಗುಡ್ಡವನ್ನು ಸಮತಟ್ಟು ಮಾಡಿಸಿ ಕ್ರಿಕೆಟ್ ಮೈದಾನವನ್ನು ನಿರ್ಮಿಸಲಾಗುವುದೆಂದೂ, ಜೆಸಿಬಿ ಮತ್ತು ಟಿಪ್ಪರುಗಳ ಬಾಡಿಗೆಗೆ ಎಲ್ಲರೂ ಕೈಲಾದಷ್ಟು ದೇಣಿಗೆ ನೀಡಬೇಕೆಂದೂ ಅದರಲ್ಲಿತ್ತು. ಕೊನೆಯಲ್ಲಿ ‘ನಮ್ಮೆಲ್ಲರ ಪ್ರೀತಿಯ ವಿಜ್ಞಾನ ಶಿಕ್ಷಕಿಯವರ ಆಶೀರ್ವಾದದೊಂದಿಗೆ’ ಎಂಬ ಸಾಲೂ ಇತ್ತು. ಆ ಆಶೀರ್ವಾದವನ್ನು ಯಾರೂ ನನ್ನಲ್ಲಿ ಕೇಳಿರಲಿಲ್ಲ. ಕೇಳಿದ್ದರೆ ನಾನು ಕೊಡುತ್ತಲೂ ಇರಲಿಲ್ಲ. ಏಕೆಂಬುದನ್ನು ಫೋನಿನಲ್ಲಿ ಹೇಳಿದರೆ ‘ಆಯ್ತು ಟೀಚರ್, ನೋಡೋಣ ಟೀಚರ್’ ಎಂದು ಜಾರಿಕೊಳ್ಳುವಿರಿ ಎಂಬುದು ನನಗೆ ಗೊತ್ತು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಮಾತು ಸ್ವಲ್ಪ ಖಾರವಾದರೆ ಸಹಿಸಿಕೊಳ್ಳಿ. ಪ್ರಯೋಗದ ದಾಖಲೆ ಪುಸ್ತಕ ತರದೆ ಬಂದ ದಿನಗಳಲ್ಲಿ ಇದಕ್ಕಿಂತ ಖಾರವಾದುದನ್ನು ನೀವು ಕೇಳಿದ್ದೀರಿ.

ನನ್ನ ವಿರೋಧದ ಬೀಜ ಬಿದ್ದದ್ದು ನಮ್ಮೂರಿನಲ್ಲಲ್ಲ, ಅಮೆರಿಕದ ವರ್ಮಂಟ್ ರಾಜ್ಯದ ಬೆಟ್ಟವೊಂದರಲ್ಲಿ. ‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂದು ಕೆಲವರು ಈಗಲೇ ನಗುತ್ತಿರಬಹುದು. ಆ ಬೆಟ್ಟವನ್ನು ನಾನು ದೂರದಿಂದ ನೋಡಿದ್ದಲ್ಲ, ಮಂಡಿನೋವಿನ ಕಾಲುಗಳಲ್ಲಿ ಹತ್ತಿ ಇಳಿದವಳು. ಅದು ನುಣ್ಣಗೆ ಇರಲಿಲ್ಲ, ಮತ್ತು ಅದನ್ನು ಯಾರೂ ನುಣ್ಣಗೆ ಮಾಡಲು ಹೋಗಿರಲಿಲ್ಲ ಎಂಬುದೇ ಈ ಬರಹದ ವಿಷಯ.

2024ರ ಜುಲೈನಲ್ಲಿ ಬಾಸ್ಟನ್ ಬಳಿಯಿರುವ ಮಗಳ ಮನೆಗೆ ಹೋಗಿದ್ದೆ. ಒಂದು ವಾರಾಂತ್ಯ ಅಳಿಯ ಎಲ್ಲರನ್ನೂ ಕಾರಿನಲ್ಲಿ ಕೂರಿಸಿಕೊಂಡು ವರ್ಮಂಟ್‌ಗೆ ಹೊರಟರು. ಸ್ಟೋ ಎಂಬ ಊರಿನಿಂದ ಮುಂದೆ ರಸ್ತೆ ಇಕ್ಕಟ್ಟಾಗಿ, ಬಂಡೆಗಳ ನಡುವೆ ಸುತ್ತಿ ಸುತ್ತಿ ಏರುತ್ತದೆ. ಅದೇ ಸ್ಮಗ್ಲರ್ಸ್ ನಾಚ್ ಎಂಬ ಕಣಿವೆಮಾರ್ಗ. ದೊಡ್ಡ ಲಾರಿಗಳು ಅಲ್ಲಿನ ತಿರುವುಗಳಲ್ಲಿ ಸಿಕ್ಕಿಹಾಕಿಕೊಳ್ಳುವುದುಂಟಂತೆ. ಕೇಳಿದಾಗ ನನಗೆ ಆಗುಂಬೆ ಘಾಟಿ ನೆನಪಾಯಿತು. ಅಧ್ಯಕ್ಷ ಜೆಫರ್ಸನ್ ಅವರ ಕಾಲದಲ್ಲಿ, 1807ರಲ್ಲಿ ಹಡಗು ವ್ಯಾಪಾರದ ಮೇಲೆ ನಿರ್ಬಂಧ ಬಂದ ಮೇಲೆ, ಕೆನಡಾದೊಂದಿಗೆ ಕಳ್ಳಸಾಗಣೆ ನಡೆಯುತ್ತಿದ್ದುದು ಈ ದಾರಿಯಲ್ಲಿ. ಹೆಸರು ಬಂದದ್ದು ಅದರಿಂದಲೇ. ಘಾಟಿಯನ್ನು ದಾಟಿದರೆ ಅದೇ ಹೆಸರಿನ ಸ್ಕೀ ರೆಸಾರ್ಟ್. ಚಳಿಗಾಲದಲ್ಲಿ ಮೂರು ಬೆಟ್ಟಗಳ ಇಳಿಜಾರಿನಲ್ಲಿ ಜನರು ಹಿಮದ ಮೇಲೆ ಜಾರುವ ಸ್ಥಳ. ಬೇಸಿಗೆಯಲ್ಲಿ ಹಿಮವಿಲ್ಲ, ತಂತಿಗೆ ನೇತುಹಾಕಿದ ಕುರ್ಚಿಗಳು, ಜಾತ್ರೆ ಮುಗಿದ ಮೇಲಿನ ತೊಟ್ಟಿಲುಗಳಂತೆ, ಸುಮ್ಮನೆ ತೂಗಾಡುತ್ತಿರುತ್ತವೆ. ಆ ಬೆಟ್ಟದ ಬುಡದಲ್ಲಿ ಹದಿನೆಂಟು ಹದಿನೆಂಟು ಗುರಿಗಳ ಎರಡು ಡಿಸ್ಕ್ ಗಾಲ್ಫ್ ಅಂಗಣಗಳಿವೆ. ಬ್ರೂಸ್ಟರ್ ರಿಡ್ಜ್ ಎಂಬುದು ಕಾಡಿನ ನಡುವಿನದು; ಫಾಕ್ಸ್ ರನ್ ಮೆಡೋಸ್ ಎಂಬುದು ಹೆಚ್ಚು ತೆರೆದ ಹುಲ್ಲುಗಾವಲಿನದು.

‘ಅಜ್ಜಿ, ತಟ್ಟೆ ಎಸೆಯುವ ಆಟ’ ಎಂದು ಹನ್ನೆರಡು ವರ್ಷದ ಮೊಮ್ಮಗಳು ವಿವರಿಸಿದಾಗ ನಾನು ಮುಖ ಸಿಂಡರಿಸಿದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಬೆಳೆದ ಗಂಡಸರು ಪ್ಲಾಸ್ಟಿಕ್ ತಟ್ಟೆಗಳನ್ನು ಚೀಲದಲ್ಲಿ ತುಂಬಿಕೊಂಡು ಕಾಡಿನೊಳಗೆ ನಡೆಯುವುದನ್ನು ನೋಡಿದರೆ ಯಾರಿಗಾದರೂ ನಗು ಬರುತ್ತದೆ. ಬೆಂಗಳೂರಿನ ನನ್ನ ಮೈದುನ ಫೋಟೋ ನೋಡಿ, ‘ಅತ್ತಿಗೆ, ಊಟದ ತಟ್ಟೆಯನ್ನೂ ಎಸೆಯಲು ಶುರುಮಾಡಿದಿರಾ’ ಎಂದು ಕೇಳಿದ. ಮೈದುನನ ಪ್ರಶ್ನೆಯಲ್ಲಿ ಅವನಿಗೇ ತಿಳಿಯದ ಒಂದು ಸತ್ಯವಿದೆ. ಈ ಆಟದ ಮೂಲವೇ ತಿಂಡಿಯ ತಟ್ಟೆ. ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್‌ನಲ್ಲಿದ್ದ ಫ್ರಿಸ್ಬಿ ಎಂಬ ಬೇಕರಿಯ ಪೈ ತಟ್ಟೆಗಳನ್ನು ಕಾಲೇಜು ಹುಡುಗರು ಎಸೆದಾಡುತ್ತಿದ್ದರು. ಅಲ್ಲಿಂದಲೇ ಫ್ರಿಸ್ಬೀ ಎಂಬ ಹೆಸರು ಬಂತು. ವಾಮ್-ಓ ಎಂಬ ಆಟಿಕೆ ಕಂಪನಿಯಲ್ಲಿದ್ದ ಎಡ್ ಹೆಡ್ರಿಕ್ ಎಂಬಾತ 1960ರ ದಶಕದಲ್ಲಿ ಅದರ ಮೇಲ್ಮೈಗೆ ಸಣ್ಣ ಗೀರುಗಳನ್ನು ಕೊಟ್ಟು, ಹೊಯ್ದಾಡದೆ ಹಾರುವಂತೆ ಸುಧಾರಿಸಿದ. 1975ರಲ್ಲಿ ಕ್ಯಾಲಿಫೋರ್ನಿಯದ ಓಕ್ ಗ್ರೋವ್ ಉದ್ಯಾನದಲ್ಲಿ ಮೊದಲ ಶಾಶ್ವತ ಅಂಗಣ ಸಿದ್ಧವಾಯಿತು, 1976ರಲ್ಲಿ ಆಟಗಾರರ ಸಂಘ ಹುಟ್ಟಿತು. ಗುರಿಯಾಗಿ ಮೊದಲು ಬರಿಯ ಕಂಬಗಳಿದ್ದವು. ಆಮೇಲೆ ಹೆಡ್ರಿಕ್ ಕಂಬಕ್ಕೆ ಸರಪಳಿಗಳನ್ನು ಇಳಿಬಿಟ್ಟು ಕೆಳಗೆ ಬುಟ್ಟಿಯನ್ನಿಟ್ಟ. 2002ರಲ್ಲಿ ಆತ ತೀರಿಕೊಂಡಾಗ, ಅವನ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಡಿಸ್ಕುಗಳನ್ನು ಅಚ್ಚು ಹಾಕಿದರು. ಇದನ್ನು ಅಳಿಯ ಹೇಳಿದಾಗ ನನಗೆ ನಗು ನಿಂತಿತು. ನಮ್ಮಲ್ಲಿ ಬೂದಿಯನ್ನು ನದಿಗೆ ಬಿಡುತ್ತೇವೆ, ಆತ ಗಾಳಿಗೆ ಬಿಡಿಸಿಕೊಂಡ.

ಆಟದ ನಿಯಮ ನಮ್ಮ ಲಗೋರಿಗಿಂತ ಸುಲಭ. ಗೊತ್ತಾದ ಜಾಗದಿಂದ ಡಿಸ್ಕನ್ನು ಎಸೆಯಬೇಕು. ಬಿದ್ದಲ್ಲಿಗೆ ನಡೆದು ಅಲ್ಲಿಂದ ಮತ್ತೆ ಎಸೆಯಬೇಕು. ಅತಿ ಕಡಿಮೆ ಎಸೆತಗಳಲ್ಲಿ ಸರಪಳಿಗೆ ತಾಗಿಸಿ ಬುಟ್ಟಿಗೆ ಬೀಳಿಸಿದವರು ಗೆದ್ದರು. ಡಿಸ್ಕು ಸುಮಾರು 21 ಸೆಂಟಿಮೀಟರ್ ಅಗಲ, 200 ಗ್ರಾಂ ಮೀರುವಂತಿಲ್ಲ. ದೂರಕ್ಕೊಂದು, ಮಧ್ಯಮ ದೂರಕ್ಕೊಂದು, ಬುಟ್ಟಿಯ ಹತ್ತಿರಕ್ಕೊಂದು, ಹೀಗೆ ಮೂರಿದ್ದರೆ ಆಟ ನಡೆಯುತ್ತದೆ.

ಇನ್ನು ಬೆಟ್ಟ. ಇಲ್ಲಿ ನನ್ನೊಳಗಿನ ವಿಜ್ಞಾನ ಶಿಕ್ಷಕಿ ಎಚ್ಚರಗೊಂಡಳು. ತಿರುಗುವ ಡಿಸ್ಕು ತಿರುಗುವ ಬುಗುರಿಯ ತಮ್ಮ. ತಿರುಗುವಷ್ಟು ಹೊತ್ತು ತನ್ನ ಸಮತಲವನ್ನು ಬಿಟ್ಟುಕೊಡುವುದಿಲ್ಲ. ಅದರ ಮೇಲೆ ಹರಿಯುವ ಗಾಳಿಯ ಒತ್ತಡ ಕಡಿಮೆ, ಕೆಳಗಿನದು ಹೆಚ್ಚು, ಆದ್ದರಿಂದ ತೇಲುತ್ತದೆ. ಬಲಗೈಯವರು ಎದೆಯ ಮುಂದಿನಿಂದ ಬೀಸಿ ಎಸೆದರೆ, ವೇಗ ಕುಗ್ಗಿದಂತೆ ಕೊನೆಯಲ್ಲಿ ಎಡಕ್ಕೆ ವಾಲಿ ಇಳಿಯುತ್ತದೆ. ಸಮನೆಲದಲ್ಲಿ ಇದೆಲ್ಲವೂ ಕ್ಷಣಾರ್ಧದಲ್ಲಿ ಮುಗಿಯುತ್ತದೆ. ಇಳಿಜಾರಿನಲ್ಲಿ ಹಾಗಲ್ಲ. ನೀವು ಡಿಸ್ಕನ್ನು ದಿಗಂತಕ್ಕೆ ಸಮಾನಾಂತರವಾಗಿ ಎಸೆಯುತ್ತೀರಿ, ನೆಲವೋ ಅದರ ಕೆಳಗಿನಿಂದ ಜಾರುತ್ತಾ ಹೋಗುತ್ತದೆ. ಡಿಸ್ಕಿಗೆ ಇಳಿಯಲು ಇನ್ನೂ ಅವಕಾಶವಿದೆ, ಇನ್ನೂ ಹಾರುತ್ತದೆ, ಎಡಕ್ಕೆ ವಾಲುವ ಅದರ ಸ್ವಭಾವ ಪೂರ್ತಿಯಾಗಿ ಬಿಚ್ಚಿಕೊಳ್ಳುತ್ತದೆ. ಮೂತಿ ಮೇಲಾಗಿ ಎಸೆದರಂತೂ ಎದುರುಗಾಳಿಗೆ ಎದ್ದುನಿಂತು, ಸತ್ತ ಹಕ್ಕಿಯಂತೆ ಹಿಂದಕ್ಕೆ ಬೀಳುತ್ತದೆ. ನನ್ನ ಮೊದಲ ಮೂರು ಎಸೆತಗಳು ಹೀಗೆಯೇ ಬಿದ್ದವು. ನಾಲ್ಕನೆಯದು ಮೇಪಲ್ ಮರಗಳ ಸಾಲನ್ನು ಸವರಿಕೊಂಡು ಕೆಳಗಿಳಿದು, ಜರೀಗಿಡಗಳ ನಡುವೆ ಮಾಯವಾಯಿತು. ಅದನ್ನು ಹುಡುಕಲು ಮೊಮ್ಮಗಳೂ ನಾನೂ ಇಪ್ಪತ್ತು ನಿಮಿಷ ತೆಗೆದುಕೊಂಡೆವು. ಆ ಇಪ್ಪತ್ತು ನಿಮಿಷಗಳಲ್ಲಿ ನೋಡಿದಷ್ಟು ಕಾಡನ್ನು ನಾನು ಉಳಿದ ಎರಡು ತಿಂಗಳ ಪ್ರವಾಸದಲ್ಲಿ ನೋಡಲಿಲ್ಲ.

ನೀವು ಗಮನಿಸಬೇಕಾದುದು ಇದು: ಈ ಆಟಕ್ಕೆ ಓರೆ ನೆಲ ಅಡ್ಡಿಯಲ್ಲ, ಓರೆ ನೆಲವೇ ಆಟ. ಮರವೇ ಎದುರಾಳಿ ತಂಡ. ನಿಜವಾದ ಗಾಲ್ಫಿಗೆ ನೂರು ಎಕರೆಗೂ ಹೆಚ್ಚು ನೆಲ, ಬಾಚಿ ಕತ್ತರಿಸಿದ ಹುಲ್ಲು, ಆ ಹುಲ್ಲಿಗೆ ದಿನವೂ ನೀರು ಬೇಕು. ಡಿಸ್ಕ್ ಗಾಲ್ಫಿಗೆ ಗುರಿಯೊಂದಕ್ಕೆ ಸರಾಸರಿ ಒಂದು ಎಕರೆ ಎಂಬುದು ಸಾಮಾನ್ಯ ಲೆಕ್ಕ, ಅದೂ ಇದ್ದ ಹಾಗೆಯೇ.

ವರ್ಮಂಟ್‌ನವರು ಬಹಳ ಪುಣ್ಯಾತ್ಮರೆಂದು ನಾನು ಹೇಳುತ್ತಿಲ್ಲ. ಸ್ಕೀಯಿಂಗ್‌ಗಾಗಿ ಅವರು ಬೆಟ್ಟದ ತಲೆಯಿಂದ ಬುಡದವರೆಗೆ ಕಾಡನ್ನು ಪಟ್ಟೆಪಟ್ಟೆಯಾಗಿ ಬೋಳಿಸಿದ್ದಾರೆ. ಬೇಸಿಗೆಯಲ್ಲಿ ನೋಡಿದರೆ ಕತ್ತರಿ ತಪ್ಪಿದ ಕ್ಷೌರದಂತೆ ಕಾಣುತ್ತದೆ. ಹಿಮ ಬೀಳದ ವರ್ಷ ನೀರನ್ನು ಪಂಪು ಮಾಡಿ ಕೃತಕ ಹಿಮ ತಯಾರಿಸುತ್ತಾರೆ. ಆದರೆ ರೆಸಾರ್ಟುಗಳೂ ಬಡಾವಣೆಗಳೂ ಬೆಟ್ಟವನ್ನು ನುಂಗತೊಡಗಿದಾಗ ಆ ರಾಜ್ಯ ಎಚ್ಚೆತ್ತುಕೊಂಡಿತು. 1970ರಲ್ಲಿ ‘ಆ್ಯಕ್ಟ್ 250’ ಎಂಬ ಕಾನೂನನ್ನು ಮಾಡಿ, 2,500 ಅಡಿಗಿಂತ ಮೇಲೆ ಏನನ್ನೇ ಕಟ್ಟಬೇಕಾದರೂ ಪರವಾನಗಿ ಬೇಕೆಂದು ವಿಧಿಸಿತು. ಕಾನೂನಿದ್ದರೂ ನೀರು ಕೇಳುವುದಿಲ್ಲ ಎನ್ನುವುದು ಬೇರೆ ಮಾತು. 2023ರ ಜುಲೈ 10-11ರ ಪ್ರವಾಹದಲ್ಲಿ ಬೆಟ್ಟದ ಕೆಳಗಿನ ಲಮಾಯ್ಲ್ ನದಿ ಉಕ್ಕಿ ಹಳ್ಳಿಗಳಿಗೆ ನುಗ್ಗಿತು. ಮರುವರ್ಷ ಸರಿಯಾಗಿ ಅವೇ ದಿನಾಂಕಗಳಂದು ಆ ರಾಜ್ಯದಲ್ಲಿ ಮತ್ತೆ ಪ್ರವಾಹ. ನಾವು ಹೋದದ್ದು ಅದಾದ ಮುಂದಿನ ವಾರ.

ಫಾಕ್ಸ್ ರನ್‌ನ ಹುಲ್ಲಿನ ಮೇಲೆ ಬುತ್ತಿ ಬಿಚ್ಚಿ ಕುಳಿತಿದ್ದಾಗ ಅಳಿಯ ಮೊಬೈಲಿನಲ್ಲಿ ಊರಿನ ಸುದ್ದಿ ತೋರಿಸಿದರು. ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಹೆದ್ದಾರಿಗಾಗಿ ಬುಡವನ್ನು ಕೊರೆದಿದ್ದ ಗುಡ್ಡ ಕುಸಿದು, ರಸ್ತೆಬದಿಯ ಚಹಾದಂಗಡಿಯನ್ನೂ ಮನುಷ್ಯರನ್ನೂ ಲಾರಿಯನ್ನೂ ಗಂಗಾವಳಿ ನದಿಗೆ ತಳ್ಳಿತ್ತು. ಆ ಲಾರಿಯನ್ನು ಮೇಲೆತ್ತಲು ಸೆಪ್ಟೆಂಬರ್ ಕೊನೆಯವರೆಗೆ ಬೇಕಾಯಿತು ಎಂಬುದನ್ನು ನೀವೆಲ್ಲರೂ ಓದಿದ್ದೀರಿ. ನನ್ನ ಕೈಯಲ್ಲಿ ಚಪಾತಿಯ ಸುರುಳಿ ಇತ್ತು, ತಿನ್ನಲಾಗಲಿಲ್ಲ.

ಈಗ ಹೇಳಿ, ನಮ್ಮ ಶಾಲೆಯ ಗುಡ್ಡವನ್ನು ಎಷ್ಟು ಅಡಿ ಕಡಿಯುತ್ತೀರಿ? ಕಡಿದ ಕೆಮ್ಮಣ್ಣನ್ನು ಎಲ್ಲಿ ಸುರಿಯುತ್ತೀರಿ? ಉಳಿದರ್ಧದ ಗುಡ್ಡ ಗೋಡೆಯಂತೆ ನಿಂತಾಗ ಜುಲೈನ ಮಳೆಯಲ್ಲಿ ಅದನ್ನು ಹಿಡಿದುಕೊಳ್ಳುವವರು ಯಾರು? ನಿಮ್ಮಲ್ಲಿ 1994ರ ಬ್ಯಾಚಿನವರಿಗೆ ನೆನಪಿರಬೇಕು. ಶೌಚಾಲಯಕ್ಕೆಂದು ಗುಡ್ಡದ ಅಂಚನ್ನು ಕೇವಲ ಆರು ಅಡಿ ಕೊರೆದಿದ್ದರು. ಮಳೆಗಾಲದ ಒಂದು ಭಾನುವಾರ ಹಿಂದಿನ ಗೋಡೆ ಮಲಗಿತು. ಭಾನುವಾರವಾದದ್ದರಿಂದ ನಾವು ಅದನ್ನು ತಮಾಷೆಯ ಪ್ರಸಂಗವಾಗಿ ನೆನೆಯುತ್ತೇವೆ. ಸೋಮವಾರ ಬೆಳಿಗ್ಗೆ ಅದೇ ಗೋಡೆಯ ಪಕ್ಕ ನಲವತ್ತು ಹೆಣ್ಣುಮಕ್ಕಳು ಸಾಲು ನಿಲ್ಲುತ್ತಿದ್ದರು. ಶಾಲೆಯ ಬಾವಿ ಏಪ್ರಿಲ್‌ನಲ್ಲೂ ಬತ್ತದಿರುವುದು ಯಾರ ಕೃಪೆಯಿಂದ ಎಂಬುದನ್ನು ಎಂಟನೆಯ ತರಗತಿಯಲ್ಲಿ ನಾನೇ ಪಾಠ ಮಾಡಿದ್ದೇನೆ. ಪರೀಕ್ಷೆಗೆ ಬರೆದು ಮರೆತಿರಿ ಎಂದು ಕಾಣುತ್ತದೆ.

‘ಟೀಚರ್, ಮಕ್ಕಳು ಆಡುವುದು ಬೇಡವೇ?’ ಎಂದು ನೀವು ಕೇಳಬಹುದು. ಈ ಪ್ರಶ್ನೆಯ ಮುಂದೆ ನಾನು ಅಪರಾಧಿ. ಡಿಸೆಂಬರ್ ಬಂತೆಂದರೆ ಹತ್ತನೆಯ ತರಗತಿಯ ಪಿ.ಟಿ. ಪೀರಿಯಡ್ಡನ್ನು ಕಸಿದುಕೊಂಡು ಬೆಳಕಿನ ವಕ್ರೀಭವನ ಮಾಡುತ್ತಿದ್ದವಳು ನಾನೇ. ಆದರೆ ಮೂವತ್ತನಾಲ್ಕು ವರ್ಷ ಸ್ಟಾಫ್ ರೂಮಿನ ಕಿಟಕಿಯಿಂದ ನಾನು ನೋಡಿದ್ದನ್ನೂ ಹೇಳಬೇಕು. ಕ್ರಿಕೆಟ್ ಕಿಟ್ ಬಂದಾಗಲೆಲ್ಲ ಹದಿನೈದು ಹುಡುಗರು ಆಡಿದರು, ಉಳಿದವರು ನೋಡಿದರು. ಹುಡುಗಿಯರಿಗೆ ಮೆಟ್ಟಿಲ ಪಕ್ಕದ ಅಂಗಳದಲ್ಲಿ ಒಂದು ಥ್ರೋಬಾಲ್. ಎಲ್ಲರಿಗೂ ಸಮಾನವಾಗಿದ್ದ ಒಂದೇ ಜಾಗ ಆ ಗುಡ್ಡ. ನೇರಳೆಗೂ ನೆಲ್ಲಿಗೂ ಕಲ್ಲು ಬೀಸುವುದರಲ್ಲಿ ಹುಡುಗಿಯರೇ ಮುಂದಿದ್ದರು. ನಾನು ಅವರನ್ನು ಹಿಡಿದು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. 2023ರಲ್ಲಿ ಸ್ಮಗ್ಲರ್ಸ್ ನಾಚ್‌ನಲ್ಲಿಯೇ ವೃತ್ತಿಪರರ ವಿಶ್ವ ಚಾಂಪಿಯನ್‌ಷಿಪ್ ನಡೆದು, ಮಹಿಳೆಯರಲ್ಲಿ ಎಸ್ಟೋನಿಯಾದ ಕ್ರಿಸ್ಟಿನ್ ತತ್ತರ್ ಗೆದ್ದರು ಎಂದು ತಿಳಿದಾಗ, ನನಗೆ ನೆನಪಾದದ್ದು ನಾನು ಬೆಂಚಿನ ಮೇಲೆ ನಿಲ್ಲಿಸಿದವರ ಮುಖಗಳು.

ತಟ್ಟೆಯಾಟವೂ ನಿರಪಾಯವಲ್ಲ, ಅದನ್ನೂ ಮುಚ್ಚಿಡುವುದಿಲ್ಲ. ಬ್ರೂಸ್ಟರ್ ರಿಡ್ಜ್‌ನಲ್ಲಿ ಎಸೆಯುವ ಜಾಗದ ಎದುರಿನ ಮರಗಳ ತೊಗಟೆ ಏಟು ತಿಂದು ಸುಲಿದಿರುವುದನ್ನು ಕಂಡೆ. ಜನ ನಡೆದು ನಡೆದು ಬೇರುಗಳು ಮೇಲೆದ್ದಿದ್ದವು. ಬುಟ್ಟಿಯ ಸ್ಥಳವನ್ನು ಆಗಾಗ ಬದಲಿಸಿ, ಕಾಲುದಾರಿಗೆ ಮರದ ಚೂರು ಹರಡಿ ಇದನ್ನು ತಗ್ಗಿಸಬಹುದು; ನಮ್ಮ ಮಳೆಗಾಲದ ಮೂರು ತಿಂಗಳು ಆಟವನ್ನೇ ನಿಲ್ಲಿಸಬಹುದು. ಕಡಿದ ಗುಡ್ಡವನ್ನು ಹೀಗೆ ದುರಸ್ತಿ ಮಾಡಲಾಗದು. ಇನ್ನು ‘ಈ ಆಟವನ್ನು ನಮ್ಮಲ್ಲಿ ಯಾರು ಬಲ್ಲರು’ ಎನ್ನುವವರಿಗೆ, ಕ್ರಿಕೆಟ್ಟನ್ನು ನಮ್ಮ ಮುತ್ತಜ್ಜಂದಿರಲ್ಲಿ ಯಾರು ಬಲ್ಲವರಾಗಿದ್ದರು ಎಂದು ಕೇಳುತ್ತೇನೆ.

ಖರ್ಚಿನ ಮಾತು. ನಿಮ್ಮ ಮನವಿಯಲ್ಲಿರುವ ಮೊತ್ತವನ್ನು ನೋಡಿ ನನಗೆ ತಲೆ ತಿರುಗಿತು. ಅಮೆರಿಕದಲ್ಲಿ ಒಂದು ಒಳ್ಳೆಯ ಬುಟ್ಟಿಗೆ ನಾನೂರು ಡಾಲರಿನ ಆಸುಪಾಸು ಬೆಲೆಯಿದೆ ನಿಜ. ಆದರೆ ಅದೇನು? ಒಂದು ಕಬ್ಬಿಣದ ಪೈಪು, ಎರಡು ಬಳೆ, ಒಂದಿಷ್ಟು ಸರಪಳಿ, ಕೆಳಗೊಂದು ಜಾಲರಿ. ಪೇಟೆಯಲ್ಲಿ ಗ್ರಿಲ್ ಮತ್ತು ಗೇಟು ಮಾಡುವ ನಮ್ಮದೇ ಹಳೆಯ ವಿದ್ಯಾರ್ಥಿಯೊಬ್ಬನಿಗೆ ನಾನು ಚಿತ್ರ ಬರೆದು ತೋರಿಸಿದೆ. ‘ಇಷ್ಟೇನಾ ಟೀಚರ್’ ಎಂದ. ಒಂದು ಮಾದರಿ ಈಗಾಗಲೇ ಸಿದ್ಧವಾಗಿದೆ, ಬಣ್ಣ ಮಾತ್ರ ಬಾಕಿ. ಮೈದಾನಕ್ಕೆ ನನ್ನಿಂದ ಒಂದು ರೂಪಾಯಿಯೂ ಬರುವುದಿಲ್ಲ. ಒಂಬತ್ತು ಬುಟ್ಟಿಗಳ ಖರ್ಚು ನನ್ನ ಪಿಂಚಣಿಯದು.

ಮನವಿ ಪತ್ರದಿಂದ ನನ್ನ ಆಶೀರ್ವಾದದ ಸಾಲನ್ನು ದಯವಿಟ್ಟು ತೆಗೆದುಹಾಕಿ. ಜೆಸಿಬಿಯವರಿಗೆ ಮುಂಗಡ ಕೊಡುವ ಮೊದಲು ಬರುವ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಶಾಲೆಯ ಹಿಂಬಾಗಿಲ ಬಳಿ ಬನ್ನಿ. ಮೊಮ್ಮಗಳು ಕಟ್ಟಿಕೊಟ್ಟ ಮೂರು ಡಿಸ್ಕುಗಳು ನನ್ನ ಬಳಿ ಇವೆ. ಹೊನ್ನೆ ಮರದ ಬುಡದಿಂದ ಎಸೆಯೋಣ, ಬುಟ್ಟಿಯನ್ನು ಕೆಳಗಿನ ನೇರಳೆಯ ಹತ್ತಿರ ನಿಲ್ಲಿಸಿರುತ್ತೇನೆ. ಕಾಲಿಗೆ ಒಳ್ಳೆಯ ಬೂಟು ಹಾಕಿಕೊಂಡು ಬನ್ನಿ, ಕೆಳಗಡೆ ಮುಳ್ಳಿದೆ.