ತೋಟ ಒಂದೇ, ಬಾಣಂತನದ ಕಾಲ ಹಲವು



ಮಳೆಗಾಲಕ್ಕೆ ಮುಂಚೆ ಮರಗಸಿ ಮುಗಿಸುವ ಅವಸರ ನಮಗೆಲ್ಲ ಗೊತ್ತಿದ್ದದ್ದೇ. ಆಳು ಸಿಕ್ಕ ದಿನವೇ ಕೆಲಸದ ದಿನ. ಗುತ್ತಿಗೆ ತಂಡ ಬಂತೆಂದರೆ ಎರಡು ಮೂರು ದಿನದಲ್ಲಿ ತೋಟದ ನೆರಳೆಲ್ಲ ನೆಲಕ್ಕೆ. ಬಿದ್ದ ಕೊಂಬೆಗಳ ನಡುವೆ ಗೂಡು, ಒಡೆದ ಮೊಟ್ಟೆ, ರೆಕ್ಕೆ ಬಾರದ ಮರಿ ಕಂಡು ಮನಸ್ಸು ಕೆಡಿಸಿಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. "ಹಕ್ಕಿ ಮರಿ ಮಾಡುವ ತಿಂಗಳು ಯಾವುದೆಂದು ಹೇಳಿಬಿಡಿ, ಆ ತಿಂಗಳು ಮರ ಮುಟ್ಟುವುದಿಲ್ಲ" ಎನ್ನುವವರೂ ಇದ್ದಾರೆ. ಮಾತು ಒಳ್ಳೆಯದೇ. ಆದರೆ ಅಂಥ ಒಂದು ತಿಂಗಳು ಇಲ್ಲ. ಏಕಿಲ್ಲ ಎಂಬುದನ್ನು ತಿಳಿದರೆ ನಾವು ಮಾಡಬೇಕಾದ್ದು ತಾನಾಗಿ ಹೊಳೆಯುತ್ತದೆ.

ನಮ್ಮ ಬೆಳೆಗಳನ್ನೇ ನೋಡೋಣ. ಕಾಫಿ ಬೇಸಿಗೆಯ ಹೂಮಳೆಗೆ ಅರಳುತ್ತದೆ. ಪಕ್ಕದ ಮೆಣಸಿನ ಬಳ್ಳಿ ಮುಂಗಾರು ಹಿಡಿದ ಮೇಲೆ ಕರೆ ಬಿಡುತ್ತದೆ. ಮಣ್ಣು ಒಂದೇ, ಮಳೆ ಒಂದೇ, ಪಂಚಾಂಗ ಮಾತ್ರ ಬೇರೆ. ಹಕ್ಕಿಗಳದೂ ಹಾಗೆಯೇ.

ಹಾಲುವಾಣ, ಮುತ್ತುಗ ಹೂಬಿಡುವ ಬೇಸಿಗೆಯ ಮೊದಲಲ್ಲೇ ಸೂರಕ್ಕಿ ಜೋಲುವ ಗೂಡು ಕಟ್ಟುತ್ತದೆ. ಜುಟ್ಟಿನ ಪಿಕಳಾರ ಚಳಿಗಾಲ ಮುಗಿಯುವುದರೊಳಗೇ ಶುರುಮಾಡಿ ಮುಂಗಾರಿನವರೆಗೂ ಕಾಫಿ ಗಿಡದಲ್ಲಿ ಸಂಸಾರ ನಡೆಸುತ್ತದೆ. ಮಡಿವಾಳ ಹಕ್ಕಿ ಮಾರ್ಚ್ ಹೊತ್ತಿಗೆ ಮರದ ಪೊಟರೆ ಹುಡುಕುತ್ತದೆ. ಮುಂಜಾವದಲ್ಲಿ ಮನುಷ್ಯರಂತೆ ಸಿಳ್ಳೆ ಹಾಕುವ ಸಿಳ್ಳಾರಕ್ಕೆ ಹಳ್ಳ ತುಂಬಿ ಹರಿಯುವ ಮಳೆಗಾಲವೇ ಮುಖ್ಯ ಕಾಲ. ನಮ್ಮ ಘಟ್ಟದಂಚಿನಿಂದ ಹುಬ್ಬಳ್ಳಿ-ಧಾರವಾಡದ ಬಯಲಿಗೆ ಇಳಿದರೆ ಜಾಲಿ, ಈಚಲು ಮರಗಳಲ್ಲಿ ಗೀಜಗ ಗೂಡು ನೇಯುವುದೂ ಮುಂಗಾರಿನಲ್ಲೇ. ಹುಲ್ಲು ಬೀಜ ಕಟ್ಟಿದ ಮೇಲೆ ರಾಟವಾಳದ ಸರದಿ.

ಹೀಗೇಕೆ? ಇಂಗ್ಲೆಂಡಿನ ಪಕ್ಷಿಶಾಸ್ತ್ರಜ್ಞ ಡೇವಿಡ್ ಲ್ಯಾಕ್ ಅವರ ವಾದ ಸರಳ: ಮರಿಗಳ ಹೊಟ್ಟೆ ತುಂಬಿಸಲು ಆಹಾರ ಧಾರಾಳವಾಗಿ ಸಿಗುವ ಕಾಲಕ್ಕೆ ಹೊಂದಿಕೊಂಡೇ ಹಕ್ಕಿ ಮೊಟ್ಟೆಯಿಡುತ್ತದೆ. ತಪ್ಪು ಕಾಲಕ್ಕೆ ಇಟ್ಟವುಗಳ ವಂಶ ಉಳಿಯುವುದು ಕಡಿಮೆ. ಹುಳ, ಹಣ್ಣು, ಬೀಜ ಒಂದೇ ತಿಂಗಳಲ್ಲಿ ಹೆಚ್ಚುವುದಿಲ್ಲವಾದ್ದರಿಂದ ಬಾಣಂತನಗಳೂ ಒಂದೇ ತಿಂಗಳಲ್ಲಿ ಬರುವುದಿಲ್ಲ. ಗೂಡಿನ ಸಾಮಾನೂ ಒದಗಬೇಕು. ಗೀಜಗವು ಉದ್ದನೆಯ ಹಸಿ ಹುಲ್ಲಿನ ಎಳೆ ಸೀಳಿ ನೇಯುವ ಹಕ್ಕಿ. ಗಂಡು ಅರ್ಧ ನೇಯ್ದ ಗೂಡನ್ನು ಹೆಣ್ಣು ನೋಡಿ ಒಪ್ಪಬೇಕೆಂಬುದನ್ನು ಸಲೀಂ ಅಲಿಯವರು 1930ರಲ್ಲಿ ಕೊಲಾಬಾ ಜಿಲ್ಲೆಯ ಕಿಹೀಮಿನಲ್ಲಿ ಕೂತು ಗಮನಿಸಿದರು. ಹಸಿ ಹುಲ್ಲಿಲ್ಲದೆ ಗೂಡಿಲ್ಲ, ಗೂಡಿಲ್ಲದೆ ಮದುವೆಯಿಲ್ಲ.

ಪರಸ್ಪರ ಜಗಳ ತಪ್ಪಿಸಲು ಹಕ್ಕಿಗಳು ಪಾಳಿ ಹಂಚಿಕೊಂಡಿವೆ ಎಂದು ಹೇಳುವುದುಂಟು. ನಮಗೆ ಹಾಗೆ ಕಾಣುವುದಿಲ್ಲ. ಹಲವು ಹಕ್ಕಿಗಳ ಕಾಲ ಒಂದರ ಮೇಲೊಂದು ಬರುತ್ತದೆ. ಪ್ರತಿಯೊಂದೂ ತನ್ನ ಮರಿಯ ಹಸಿವನ್ನು ನೋಡುತ್ತದೆಯೇ ಹೊರತು ನೆರೆಯವರೊಡನೆ ಕರಾರು ಮಾಡಿಕೊಂಡಿಲ್ಲ. ಆದರೆ ಪರಿಣಾಮ ನಮಗೆ ಲಾಭದ್ದು. ಮರಿ ಸಾಕುವ ಹಕ್ಕಿ ಬೆಳಗಿನಿಂದ ಸಂಜೆಯವರೆಗೆ ಹುಳ ಹೊರುತ್ತಲೇ ಇರುತ್ತದೆ. ಕಾಲ ಬೇರೆ ಬೇರೆಯಾದ್ದರಿಂದ ವರ್ಷದ ಹೆಚ್ಚಿನ ಭಾಗ ಯಾವುದಾದರೊಂದು ಜೋಡಿ ನಮ್ಮ ತೋಟದ ಹುಳ ಆರಿಸುತ್ತಿರುತ್ತದೆ. ಜಮೈಕಾ ದ್ವೀಪದ ಕಾಫಿ ತೋಟಗಳಲ್ಲಿ ಗಿಡಗಳಿಗೆ ಬಲೆ ಕಟ್ಟಿ ಹಕ್ಕಿಗಳನ್ನು ದೂರವಿಟ್ಟಾಗ ಕಾಯಿಕೊರಕದ ಹಾವಳಿ ಹೆಚ್ಚಿದ್ದು 2008ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಇನ್ನೊಂದು ಅಧ್ಯಯನ, ಉತ್ತರ ಕನ್ನಡದ ಅಡಿಕೆ ಸೀಮೆಯು ಅಲ್ಲಿನ ಕಾಡುಹಕ್ಕಿಗಳ ಜಾತಿಗಳಲ್ಲಿ ಸುಮಾರು 90 ಪ್ರತಿಶತಕ್ಕೆ ಆಸರೆಯಾಗಿದೆ ಎಂದಿತು. ಸೊಪ್ಪಿನ ಬೆಟ್ಟ ಉಳಿಸಿಕೊಂಡು ಬಂದ ಹಿರಿಯರ ಪುಣ್ಯ ಅದು. ನಮ್ಮ ಕಾಲದಲ್ಲಿ ಅದು ಕಳೆಯಬಾರದು.

ಆದ್ದರಿಂದ ಕೆಲಸ ನಿಲ್ಲಿಸಿ ಎಂದು ನಾವು ಹೇಳುವುದಿಲ್ಲ. ಬೋರ್ಡೋ ಸಿಂಪಡಣೆ ಮುಂದೂಡಲಾಗದು; ಕೊಳೆರೋಗ ಯಾರಿಗಾಗಿಯೂ ಕಾಯದು. ಆದರೆ ಮರಗಸಿಯನ್ನು ಒಂದೇ ಬೀಸಿಗೆ ಮುಗಿಸದೆ ಎರಡು ಕಂತಿನಲ್ಲಿ ಮಾಡಬಹುದು. ಗೂಡಿರುವ ಕೊಂಬೆಯನ್ನು ಒಂದು ತಿಂಗಳು ಬಿಟ್ಟರೆ ಪಿಕಳಾರದಂಥ ಸಣ್ಣ ಹಕ್ಕಿಯ ಮರಿ ಹಾರಿಹೋಗುತ್ತದೆ. ಪೊಟರೆಯಿರುವ ಒಣಮರವೊಂದನ್ನು, ಅಪಾಯವಿಲ್ಲದ ಕಡೆ, ಉಳಿಸಬಹುದು. ಹಳ್ಳದ ದಂಡೆಯ ಹುಲ್ಲನ್ನು ಮಳೆಗಾಲ ಕಳೆಯುವವರೆಗೆ ಯಂತ್ರಕ್ಕೆ ಕೊಡದಿರಬಹುದು.

ತಂಡವನ್ನು ಎರಡು ಸಲ ಕರೆಸಿದರೆ ಖರ್ಚು ಹೆಚ್ಚು ಎಂಬ ಆಕ್ಷೇಪ ನ್ಯಾಯವಾದದ್ದೇ. ಎರಡು ಎಕರೆಯವನಿಗೆ ಅದು ದೊಡ್ಡ ಮಾತು. ಅದಕ್ಕೇ ನಮ್ಮ ಸಲಹೆ: ಅಕ್ಕಪಕ್ಕದ ನಾಲ್ಕು ತೋಟದವರು ಸೇರಿ ಒಂದೇ ತಂಡ ಗೊತ್ತುಮಾಡಿಕೊಳ್ಳಲಿ. ಮೊದಲ ಸುತ್ತಿನಲ್ಲಿ ಎಲ್ಲರ ಅರ್ಧ, ತಿಂಗಳ ಮೇಲೆ ಉಳಿದರ್ಧ. ಮುಯ್ಯಾಳಿನ ಪದ್ಧತಿ ನಮಗೇನೂ ಹೊಸದಲ್ಲ. ಸಹಕಾರ ಸಂಘ ಕಟ್ಟಿದ ನಮಗೆ ಇಷ್ಟು ಹೊಂದಾಣಿಕೆ ಕಷ್ಟವಾಗಬಾರದು. ಈ ಸಲದ ಮರಗಸಿಗೆ ಮುಂಚೆ ಸದಸ್ಯರು ತಮ್ಮ ತಮ್ಮ ಊರಿನಲ್ಲಿ ಕೂತು ಮಾತಾಡಿಕೊಳ್ಳಬೇಕೆಂದು ವಿನಂತಿ.