ಅಟ್ಟದ ಮೇಲಿನ ವಾಕರ್ ಯಾರಿಗೆ?

ಡೊಂಬಿವಲಿ ಪೂರ್ವದಲ್ಲಿ ಈಗ ಯಾವ ಗಲ್ಲಿಗೆ ಹೊಕ್ಕರೂ ಒಂದಲ್ಲ ಒಂದು ಹಳೇ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗಿರುತ್ತದೆ. ಲಿಫ್ಟಿಲ್ಲದ ನಾಲ್ಕು ಮಹಡಿಯ, ಎಂಬತ್ತರ ದಶಕದ ಕಟ್ಟಡಗಳು. ತಿಲಕನಗರದ ನಮ್ಮ ಸೊಸೈಟಿಗೂ ಸರದಿ ಬಂದಿದೆ. ಹೊಸ ಮನೆ ಆಗುವವರೆಗೆ ಬಿಲ್ಡರ್ ಬಾಡಿಗೆ ಕೊಡುತ್ತಾನೆ, ಸಾಮಾನು ಸಾಗಿಸುವ ಖರ್ಚೂ ಅವನದೇ. ಯಾವ ಸಾಮಾನು ಸಾಗಿಸಬೇಕು, ಯಾವುದನ್ನು ಬಿಡಬೇಕು ಎಂಬ ತಲೆನೋವು ಮಾತ್ರ ನಮ್ಮದು.

ಮುಂಬಯಿ ಕಡೆಯ ಕನ್ನಡಿಗರ ಮನೆ ಎಷ್ಟು ಚಿಕ್ಕದೋ ಅಷ್ಟೇ ಗಿಡಿದು ತುಂಬಿರುತ್ತದೆ. ಊರಿನ ಮನೆ, ಇಲ್ಲಿನ ಮನೆ ಎರಡರ ಸಾಮಾನನ್ನೂ ಒಂದೇ ಕೋಣೆಯಲ್ಲಿ ಇಟ್ಟುಕೊಂಡವರು ನಾವು. ಕೊಂಕಣ ರೈಲು 1998ರಲ್ಲಿ ಪೂರ್ತಿ ತೆರೆಯುವ ಮೊದಲು ಕುಂದಾಪುರದಿಂದ ಬರಬೇಕಾದರೆ ಬಸ್ಸೇ ಗತಿ. ಮತ್ತೆ ಊರು ಕಾಣುವುದು ಯಾವಾಗಲೋ ಎಂದು ಕುಚ್ಚಲಕ್ಕಿ, ತೆಂಗಿನಕಾಯಿ, ಭರಣಿಯಲ್ಲಿ ಮಿಡಿ ಉಪ್ಪಿನಕಾಯಿ ಹೊತ್ತು ತರುತ್ತಿದ್ದೆವು. ಮತ್ಸ್ಯಗಂಧ ರೈಲು ಬಂದ ಮೇಲಾದರೂ ಈ ಅಭ್ಯಾಸ ತಪ್ಪಬೇಕಿತ್ತು. ತಪ್ಪಲಿಲ್ಲ, ಚೀಲದ ಗಾತ್ರ ಹೆಚ್ಚಿತು ಅಷ್ಟೆ.

ನಮ್ಮ ಅಡುಗೆಮನೆಯ ಮೇಲಿನ ಅಟ್ಟವನ್ನು ಇಲ್ಲಿಯವರಂತೆ ನಾವೂ ಮಾಳಾ ಅಂತಲೇ ಕರೆಯುವುದು. ಅದನ್ನು ಖಾಲಿ ಮಾಡಿಸಿದಾಗ ಇಳಿದವು ನೋಡಿ: ಶಾವಿಗೆ ಒತ್ತುವ ಒರಳು, ಹಿತ್ತಾಳೆ ಕೊಡ, ಯಕ್ಷಗಾನದ ಕ್ಯಾಸೆಟ್ ತುಂಬಿದ ಡಬ್ಬ (ಟೇಪ್‌ರೆಕಾರ್ಡರ್ ಹೋಗಿ ಯಾವ ಕಾಲವಾಯಿತೋ), ಟಿವಿ ಇಲ್ಲದ ಟಿವಿಯ ಪೆಟ್ಟಿಗೆ, ಪ್ಯಾಕೆಟ್ ಒಡೆಯದ ಬೆಡ್‌ಶೀಟುಗಳು. ಸ್ಟೀಲ್ ಪಾತ್ರೆಗಳಂತೂ ಲೆಕ್ಕಕ್ಕೆ ಸಿಗುವಂತಿರಲಿಲ್ಲ. ಮದುವೆ, ನಾಮಕರಣ, ಗೃಹಪ್ರವೇಶಕ್ಕೆ ಹೆಸರು ಕೊರೆಸಿದ ಪಾತ್ರೆಯನ್ನೇ ಉಡುಗೊರೆ ಕೊಡುವ ಕಾಲವೊಂದಿತ್ತಲ್ಲ. ಅಂಗಡಿಯವನು ಕೈಯಲ್ಲಿ ಮೆಷಿನ್ ಹಿಡಿದು ಚುಕ್ಕಿ ಚುಕ್ಕಿಯಾಗಿ ಹೆಸರು, ತಾರೀಕು ಕೊರೆಯುತ್ತಿದ್ದ. ಅವನಿಗೆ ಕನ್ನಡ ಬಾರದು, ಹಾಗಾಗಿ ನಮ್ಮ ಕೋಟೇಶ್ವರದ ನೆಂಟರೆಲ್ಲ ಡೊಂಬಿವಲಿಯ ತಟ್ಟೆ ಲೋಟಗಳ ಮೇಲೆ ದೇವನಾಗರಿಯಲ್ಲಿ ಕೂತಿದ್ದಾರೆ. ಹಾಗೆ ಕೂತವರಲ್ಲಿ ಅರ್ಧಕ್ಕರ್ಧ ಮಂದಿ ಈಗಿಲ್ಲ.

ಐರೋಲಿಯಲ್ಲಿರುವ ಮಗ ಹೇಳಿದ್ದು ಒಂದೇ ಮಾತು: "ಅಮ್ಮಾ, ನಮ್ಮ ಫ್ಲ್ಯಾಟಿಗೆ ಮಾಳಾ ಇಲ್ಲ." ಸೊಸೆ ಮೊಬೈಲಿನಲ್ಲಿ ಮರೀ ಕೊಂಡೋ ಎಂಬ ಜಪಾನೀ ಹೆಂಗಸಿನ ವಿಡಿಯೊ ತೋರಿಸಿದಳು. ಒಂದೊಂದೇ ವಸ್ತುವನ್ನು ಕೈಯಲ್ಲಿ ಹಿಡಿದು, ಸಂತೋಷ ಕೊಟ್ಟರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಕಳಿಸಿಬಿಡಿ ಎನ್ನುವುದು ಆಕೆಯ ಪಾಠ. ಮೂರು ಮಕ್ಕಳಾದ ಮೇಲೆ ತನ್ನ ಮನೆಯೂ ಮೊದಲಿನಷ್ಟು ಓರಣವಾಗಿಲ್ಲ ಎಂದು ಆಕೆಯೇ 2023ರಲ್ಲಿ ಹೇಳಿದ ಮೇಲೆ ನನಗೆ ಆಕೆ ಇನ್ನೂ ಇಷ್ಟವಾದಳು. ಆದರೆ ಆಕೆಯ ಪಾಠ ನನ್ನ ಅಟ್ಟಕ್ಕೆ ಹೊಂದುವುದಿಲ್ಲ.

ಯಾಕೆಂದರೆ ಅಲ್ಲಿ ಒಂದು ವಾಕರ್ ಇತ್ತು, ಕಮೋಡ್ ಕುರ್ಚಿಯೂ ಇತ್ತು. ನಮ್ಮವರಿಗೆ ಪಾರ್ಶ್ವವಾಯು ಬಡಿದ ಮೇಲೆ ತಂದವು. ಹಾಸಿಗೆಯಿಂದ ಬಚ್ಚಲಿನವರೆಗಿನ ಹತ್ತು ಹೆಜ್ಜೆಯನ್ನು ಅವರು ಆ ವಾಕರ್ ಹಿಡಿದೇ ನಡೆದದ್ದು. ಎಡಗೈಯ ಹಿಡಿ ನುಣುಪಾಗಿ ಸವೆದಿದೆ, ಬಲಗೈಯದು ಹೊಸದರಂತೆಯೇ ಇದೆ. ಅದನ್ನು ಮುಟ್ಟಿದರೆ ಸಂತೋಷವೆಲ್ಲಿಂದ ಬರಬೇಕು? ಹಾಗೆಂದು ಗುಜರಿಯವನಿಗೆ ಕಿಲೋ ಲೆಕ್ಕದಲ್ಲಿ ಹಾಕುವುದೇ? ಅವರು ವರ್ಷಗಟ್ಟಲೆ ಸಿಎಸ್‌ಟಿಗೆ ಓಡಾಡಿದ ರೈಲ್ವೆ ಪಾಸಿನ ಪ್ಲಾಸ್ಟಿಕ್ ಕವರೂ ಇದೆ. ಅದು ಯಾರಿಗೂ ಪ್ರಯೋಜನವಿಲ್ಲ, ಸಂತೋಷವನ್ನೂ ಕೊಡುವುದಿಲ್ಲ. ಅದನ್ನು ನಾನು ಕೊಡುವುದಿಲ್ಲ, ಯಾರೂ ಕೇಳಬೇಡಿ. ಹದಿಮೂರರ ಊಟ ಮುಗಿಸಿ ಕೈತೊಳೆಯುವ ಮೊದಲೇ "ಅವರ ಬಟ್ಟೆಬರೆಯೆಲ್ಲ ತೆಗೆದುಬಿಡಿ, ಮನಸ್ಸು ಹಗುರಾಗುತ್ತದೆ" ಎನ್ನುವವರಿದ್ದಾರೆ. ಕಪಾಟು ಖಾಲಿಯಾದರೆ ದುಃಖ ಖಾಲಿಯಾಗುತ್ತದೆ ಎಂದು ಅವರಿಗೆ ಹೇಳಿದವರಾರೋ.

ದೇವರನ್ನು ನಂಬಿದವರಿಗೆ ಕಷ್ಟ ಬಾರದು ಎಂಬ ಮಾತೂ ಅಂಥದ್ದೇ. ಕುಂಭಾಶಿಯ ಆನೆಗುಡ್ಡೆ ವಿನಾಯಕನಿಗೆ ಹೇಳಿಕೊಂಡ ಹರಕೆ ಒಂದೂ ನಮ್ಮಲ್ಲಿ ಬಾಕಿಯಿಲ್ಲ. ಆದರೂ ನಮ್ಮವರ ಬಲಗೈ ಮರಳಿ ಬರಲಿಲ್ಲ. 2020ರ ಲಾಕ್‌ಡೌನಿನಲ್ಲಿ ತಮ್ಮ ತೀರಿಕೊಂಡಾಗ ರೈಲಿಲ್ಲ, ಬಸ್ಸಿಲ್ಲ. ಅವನ ಮುಖವನ್ನು ವಿಡಿಯೊ ಕಾಲಿನಲ್ಲಿ ನೋಡಿದೆ. ಆಮೇಲೆ ಕೆಲವು ಕಾಲ ನಾನು ದೇವರ ಮುಂದೆ ದೀಪ ಹಚ್ಚಲಿಲ್ಲ. ಹಚ್ಚಿದ್ದು ಸೊಸೆ. "ಅತ್ತೆ, ನಿಮ್ಮ ಕೋಪ ಇಳಿಯುವವರೆಗೆ ನಾನು ನೋಡಿಕೊಳ್ಳುತ್ತೇನೆ" ಎಂದಳು. ಕೋಪ ಇಳಿದದ್ದು ಯಾವಾಗ, ಹೇಗೆ ಎಂದು ಗೊತ್ತಾಗಲಿಲ್ಲ. ಒಂದು ಮಂಗಳವಾರ ನಾನೇ ಬತ್ತಿ ಹೊಸೆಯುತ್ತಾ ಕೂತಿದ್ದೆ. ಯಾಕೆ ಹೀಗಾಯಿತು ಎಂದು ಆ ದೇವರನ್ನು ಕೇಳುವುದನ್ನು ಬಿಟ್ಟಿದ್ದೇನೆ. ನಾಳೆ ನಡೆಸಿಕೊಂಡು ಹೋಗುತ್ತಾನೆ ಎಂಬಷ್ಟು ನಂಬಿಕೆ ಉಳಿದಿದೆ. ನಾಳೆಯ ಲೆಕ್ಕವನ್ನು ಅವನಿಗೆ ಬಿಟ್ಟವಳಿಗೆ ನಾಳೆಗೆಂದು ಅಷ್ಟೊಂದು ಬೆಡ್‌ಶೀಟು ಯಾಕೆ ಬೇಕು?

ನಮ್ಮ ಭಜನಾ ಮಂಡಳಿಯಲ್ಲಿ ಪುರಂದರದಾಸರ ಕಥೆ ಬಂದಾಗಲೆಲ್ಲ, ನವಕೋಟಿ ನಾರಾಯಣನಾಗಿದ್ದವನು ಎಲ್ಲವನ್ನೂ ದಾನ ಮಾಡಿ ಹೊರಟ ಎಂದು ಕೊಂಡಾಡುತ್ತಾರೆ. ಮೊದಲು ಕೊಟ್ಟದ್ದು ಅವರ ಹೆಂಡತಿ, ಮೂಗುತಿ. ಅದೂ ಗಂಡ ಬೈಯುತ್ತಾನೆಂದು ಗೊತ್ತಿದ್ದೇ. ಆಕೆ ಅದನ್ನು ಕೊಟ್ಟದ್ದು ಬೇಡವಾಗಿತ್ತೆಂದಲ್ಲ, ಬಾಗಿಲಲ್ಲಿ ನಿಂತವನಿಗೆ ಬೇಕಾಗಿತ್ತೆಂದು. ಮನೆ ಖಾಲಿ ಮಾಡುವವರಿಗೆ ಜಪಾನಿನ ಪಾಠಕ್ಕಿಂತ ಈ ಲೆಕ್ಕ ಸುಲಭ.

ಕಳೆದುಕೊಂಡ ಮಾತ್ರಕ್ಕೆ ಆಸೆ ಹೋಗುವುದಿಲ್ಲ ಎನ್ನುವುದನ್ನೂ ಕಂಡಿದ್ದೇನೆ. 2005ರ ಜುಲೈ 26ರ ಮಳೆ ನೆನಪಿದೆಯಲ್ಲ, ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಸುರಿದದ್ದು. ಕಲ್ಯಾಣದಲ್ಲಿ ನೆಲಮಾಳಿಗೆಯಂತಾಗಿದ್ದ ಕೆಳಮಹಡಿಯಲ್ಲಿ ನನ್ನ ನಾದಿನಿಯ ಸಂಸಾರ. ಹಾಸಿಗೆ, ಅಕ್ಕಿ ಡ್ರಮ್ಮು, ಮದುವೆ ಆಲ್ಬಮ್ಮು ಎಲ್ಲ ಹೋಯಿತು. "ಇನ್ನು ಏನೂ ಸೇರಿಸುವುದಿಲ್ಲ ಅತ್ತಿಗೆ" ಎಂದು ಅತ್ತಳು. ಮುಂದಿನ ದೀಪಾವಳಿಯ ಹೊತ್ತಿಗೆ ಅವಳ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ!

ನನ್ನ ಅಟ್ಟದ ವಿಲೇವಾರಿ ಹೀಗಾಯಿತು. ಜರಿ ಸೀರೆಗಳು ಹಳೇ ಬಟ್ಟೆಗೆ ಪಾತ್ರೆ ಕೊಡುವ ಬೋಹಾರಿಣಿಗೆ ಹೋದವು. "ಜರಿ ಅಸಲಿಯೇನು ಆಜಿ?" ಎಂದು ಉಗುರಿನಿಂದ ಕೆರೆದು ನೋಡಿ ಬದಲಿಗೆ ಸ್ಟೀಲ್ ಡಬ್ಬವನ್ನೇ ಕೊಡಲು ಬಂದಳು. ಪಾತ್ರೆ ಬೇಡ, ದುಡ್ಡು ಕೊಡು ಎಂದಾಗ ನನ್ನನ್ನು ವಿಚಿತ್ರವಾಗಿ ನೋಡಿದಳು. ಹೆಸರು ಕೊರೆದ ಪಾತ್ರೆಗಳಲ್ಲಿ ತಮ್ಮನ ಹೆಸರಿನ ತಂಬಿಗೆ ಉಳಿಸಿಕೊಂಡೆ, ಉಳಿದವು ಮಂಡಳಿಯ ಅನ್ನದಾನಕ್ಕೆ.

ಉಳಿದದ್ದು ವಾಕರ್ ಮತ್ತು ಕುರ್ಚಿ. ಮರಾಠಿಗರಲ್ಲಿ ಇದಕ್ಕೊಂದು ಒಳ್ಳೆಯ ಏರ್ಪಾಡಿದೆ, ರುಗ್ಣೋಪಯೋಗಿ ಸಾಹಿತ್ಯ ಕೇಂದ್ರ ಎಂದು, ಅಂದರೆ ರೋಗಿಗಳಿಗೆ ಬೇಕಾಗುವ ಸಾಮಾನಿನ ಕೇಂದ್ರ. ಡಿಪಾಸಿಟ್ ಇಟ್ಟು ವೀಲ್‌ಚೇರ್, ವಾಕರ್, ಆಸ್ಪತ್ರೆ ಮಂಚ ಒಯ್ಯಬಹುದು, ಕೆಲಸ ಮುಗಿದ ಮೇಲೆ ಮರಳಿಸಿದರೆ ಡಿಪಾಸಿಟ್ ವಾಪಸ್. ನನ್ನ ಎರಡೂ ಅಲ್ಲಿಗೇ ಹೋದವು. ಡೊಂಬಿವಲಿಯಲ್ಲಿ, ಥಾಣೆಯಲ್ಲಿ ನಮ್ಮ ಕನ್ನಡ ಸಂಘಗಳು ಶಾಲೆಗಳನ್ನೇ ಕಟ್ಟಿ ನಡೆಸಿದವು. ಅಂಥವರಿಗೆ ಇಂಥದೊಂದು ಕೇಂದ್ರ ನಡೆಸಲು ಒಂದು ಕೋಣೆ, ಒಂದು ರಿಜಿಸ್ಟರು, ಭಾನುವಾರ ಕೂರಲು ಇಬ್ಬರು ನಿವೃತ್ತರು ಸಿಗುವುದು ಕಷ್ಟವಲ್ಲ. ಕಲ್ಯಾಣ, ನೆರೂಳ್ ಕಡೆಯ ಮಂಡಳಿಗಳೂ ಮನಸ್ಸು ಮಾಡಲಿ. ನಾವೆಲ್ಲ ಒಟ್ಟಿಗೆ ಬಂದವರು, ಒಟ್ಟಿಗೇ ಮುದುಕರಾಗುತ್ತಿದ್ದೇವೆ. ಈ ಸಾಮಾನಿಗೆ ಬೇಡಿಕೆ ಹೆಚ್ಚುತ್ತಲೇ ಹೋಗುತ್ತದೆ.

ನಿಮ್ಮ ಅಟ್ಟದಲ್ಲೂ ಒಂದು ವಾಕರ್ ಇದ್ದರೆ ಈ ಭಾನುವಾರ ಇಳಿಸಿ. ಕಾಲಿನ ರಬ್ಬರ್ ಬುಷ್ ಸವೆದಿದ್ದರೆ ಬದಲಿಸಿ ಕೊಡಿ. ಸವೆದ ಬುಷ್ ಒದ್ದೆ ಬಚ್ಚಲಿನಲ್ಲಿ ಜಾರುತ್ತದೆ.